ಈ ಸಲ ದನಿಯೂ ನನ್ನದೇ, ದೊಡ್ಡವ್ವಾ

ನನ್ನ ದೊಡ್ಡವ್ವನಿಗೆ,

ಅಥಣಿಯ ದ್ರಾಕ್ಷಿ ತೋಟದವರು ನನ್ನನ್ನು ನೋಡಲು ನಮ್ಮೂರು ಅಕ್ಕೋಳಕ್ಕೆ ಬಂದ ದಿನ ನೆನಪಿದೆಯೇ? ಆಗ ನಾನು ಮುಂಬೈಯಲ್ಲಿ ಒಂದು ಮರಾಠಿ ಧಾರಾವಾಹಿಯಲ್ಲಿ ನಾಯಕಿಯ ತಂಗಿಯಾಗಿದ್ದೆ. ಹುಡುಗ ಒಳ್ಳೆಯವನೇ. ಎಲ್ಲ ಒಪ್ಪಿಗೆಯಾಗಿ, ಬಾಯಿ ಸಿಹಿ ಮಾಡಲು ಅವ್ವ ಸಕ್ಕರೆ ತರಲು ಎದ್ದಾಗ ಹುಡುಗನ ತಂದೆ, ಮದುವೆಯಾದ ಮೇಲೆ ಈ ಟಿವಿ ಗಿವಿ ಸಾಕು ಎಂದರು. ಅಪ್ಪ ನೆಲ ನೋಡಿದ. ನೀನು ಸೆರಗು ಸರಿಮಾಡಿಕೊಂಡು ಮೆಲ್ಲಗೆ ಹೇಳಿದೆ: “ನಮ್ಮ ಹುಡುಗಿ ಕೆಲಸ ಬಿಡೂದಿಲ್ರಿ. ಚಾ ತಗೊಳ್ರಿ, ಆರಾಕತ್ತೈತಿ.”

ಅವರು ಚಹಾ ಕುಡಿದು ಹೋದರು, ಮತ್ತೆ ಬರಲಿಲ್ಲ. ಅಂದು ನೀನು ಸುಮ್ಮನಿದ್ದಿದ್ದರೆ ನಾನು ಈಗ...

ಕೊಲಂಬೊದ ಧಾರಾವಾಹಿಯೊಂದಕ್ಕೆ ಕರೆ ಬಂದಾಗ ನೀನು ಆ ಊರು ಎಲ್ಲಿದೆ ಎಂದು ಕೇಳಲಿಲ್ಲ, ಅಲ್ಲಿ ಏನು ಉಣ್ಣುತ್ತಾರೆ ಎಂದು ಕೇಳಿದೆ. ಸಿಂಹಳದ ಒಂದಕ್ಷರ ಬಾರದ ನಾನು ಸಂಭಾಷಣೆಯನ್ನು ಕನ್ನಡದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದೆ. ಆಮೇಲೆ ಕಠ್ಮಂಡು, ಮಾರಿಷಸ್, ದುಬೈ. ಓಣಿಯಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಜಗಳವಾಡಿ ಬೆಳೆದವಳಿಗೆ ಇನ್ನೊಂದು ಭಾಷೆ ಏನು ಮಹಾ?

ಕಷ್ಟವಾದದ್ದು ಬೆಂಗಳೂರಿನಲ್ಲಿ. ಕನ್ನಡದಲ್ಲಿ ಮೊದಲ ಸಲ ಮುಖ್ಯ ಪಾತ್ರ ಸಿಕ್ಕಿತು. ಆದರೆ ನನ್ನ ಮಾತು ಗಡಿಯವರದು ಎಂದು ಬೇರೊಬ್ಬಳಿಂದ ದನಿ ಕೊಡಿಸಿದರು. ಮೊದಲ ಕಂತು ನೋಡಿ ಫೋನ್ ಮಾಡಿದ ನೀನು, ಸೀರೆ ಹೊಗಳಿದೆ, ನಡಿಗೆ ಹೊಗಳಿದೆ. ಕೊನೆಗೆ, “ಮಾರಿ ನಿಂದು, ಖರೆ. ಬಾಯಿ ಯಾರದವ್ವಾ ಅದು?” ಎಂದೆ. ಮುಖ ಮಾತ್ರ ನನ್ನದು ಎಂದು ಒಪ್ಪಿಕೊಂಡು ಫೋನ್ ಇಟ್ಟೆ.

ಕಳೆದ ವರ್ಷ ನೀನು ಹೋದ ಸುದ್ದಿ ಬಂದಾಗ ದುಬೈಯಲ್ಲಿದ್ದೆ. ಮಣ್ಣು ಕೊಡುವ ಹೊತ್ತಿಗೆ ಹೇಗೋ ಬಂದು ಮುಟ್ಟಿದೆ. ಅದಾಗಿ ಕೆಲವು ವಾರಕ್ಕೆ ಬೆಂಗಳೂರಿನವರು ಹೊಸ ಕನ್ನಡ ಧಾರಾವಾಹಿಗೆ ಕೇಳಿದರು: ಮಸ್ಕತ್ತಿನ ಆಸ್ಪತ್ರೆಯಲ್ಲಿ ದುಡಿಯುವ ರಾಯಬಾಗದ ನರ್ಸ್ ಪಾತ್ರ. ದನಿ ನನ್ನದೇ, ಮಾತು ನಮ್ಮ ಕಡೆಯದೇ, ಇಲ್ಲವಾದರೆ ಬೇಡ ಎಂದೆ. ಬೆಂಗಳೂರು ಕಡೆಯ ಮಂದಿಗೆ ಆ ಮಾತು ಅರ್ಥವಾಗುವುದಿಲ್ಲ ಎಂದು ನಿರ್ಮಾಪಕರು ಗೊಣಗಿದರು. ಹಾಗಾದರೆ ಒಂದು ದೃಶ್ಯ ಮಾಡಿ ತೋರಿಸುತ್ತೇನೆ, ಆಮೇಲೆ ಹೇಳಿ ಎಂದೆ. ಜ್ವರದಲ್ಲಿ ಮಲಗಿದ ನರ್ಸ್ ಊರಿಗೆ ಫೋನ್ ಮಾಡುವ ದೃಶ್ಯ ಅದು.

“ಆರಾಮ ಅದೀನಿ ಅಪ್ಪಾ. ಉಣ್ಣಾಕ ಎಲ್ಲಾ ಸಿಗತೈತಿ. ನೀ ಗುಳಿಗಿ ತಗೊಂಡಿ ಇಲ್ಲ?”

ನಿರ್ಮಾಪಕರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಇನ್ನೊಮ್ಮೆ ಮಾಡಿ ಎಂದರು. ಮಾಡಿದೆ. ಅದೇ ವಾರ ಬರಹಗಾರನನ್ನು ರಾಯಬಾಗಕ್ಕೆ ಕಳುಹಿಸಿದರು, ಬಸ್ ಸ್ಟ್ಯಾಂಡಿನಲ್ಲಿ ಕುಳಿತು ಜನರ ಮಾತು ಕೇಳಿಕೊಂಡು ಬಾ ಎಂದು.

ಈಗ ಅದು ದಿನಾ ಸಂಜೆ ಬರುತ್ತದೆ. ಚಿತ್ರೀಕರಣಕ್ಕೆ ಹೋದಾಗ ಮಸ್ಕತ್ತಿನ ಅಂಗಡಿಗಳಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳು ತಡೆದು ನಿಲ್ಲಿಸಿ, ಯಾವ ಊರವ್ವಾ ನಿಂದು ಎಂದು ಕೇಳುತ್ತಾರೆ. ಎಷ್ಟು ಹಗುರವಾಗಿ ಹೇಳುತ್ತೇನೆ ಗೊತ್ತೇ, ಅಕ್ಕೋಳ ಎಂದು!

ನಿನಗೆ ಮುಟ್ಟದ ಸುದ್ದಿ ಇನ್ನೊಂದಿದೆ. ಮುಂದಿನ ಚಿತ್ರೀಕರಣಕ್ಕೆ ಅವ್ವ ನನ್ನೊಂದಿಗೆ ಮಸ್ಕತ್ತಿಗೆ ಬರುತ್ತಾಳೆ. ನೆಂಟರ ಎದುರು ನನ್ನ ಕೆಲಸದ ಹೆಸರೆತ್ತದೆ ಬರೀ ‘ನೌಕರಿ’ ಎನ್ನುತ್ತಿದ್ದ ನಿನ್ನ ತಂಗಿ, ತಾನೇ ಬಾಯಿಬಿಟ್ಟು ಕೇಳಿದಳು. ಪಾಸ್‌ಪೋರ್ಟಿನ ವಿಚಾರಣೆಗೆ ಬಂದ ಪೊಲೀಸರು ಪರದೇಶಕ್ಕೆ ಯಾಕೆ ಎಂದಾಗ, ಬಾಗಿಲಲ್ಲೇ ನಿಂತು, ಅಕ್ಕಪಕ್ಕದವರಿಗೂ ಕೇಳುವ ಹಾಗೆ ಹೇಳಿದಳು:

“ನಮ್ಮ ಮಗಳು ನಟಿ ಅದಾಳ್ರಿ. ಆಕಿ ಕೆಲಸ ನೋಡಾಕ ಹೊಂಟೇನಿ.”

ನಿನ್ನ,
ಶೈಲಾ