ನಮ್ಮ ಮನೆ ಬೆಟ್ಟ ದಾಟಿದ್ದು

ಬೀದಿಯಿಲ್ಲದ, ನಂಬರಿಲ್ಲದ ಮನೆಯಿಂದ,
ಕೊಲಂಬಿಯಾ ನದಿಯ ದಂಡೆ, ಒರೆಗಾನ್
ಸೆಪ್ಟೆಂಬರ್ ಹದಿನೇಳು, ಬುಧವಾರ ಸಂಜೆ

ಪ್ರೀತಿಯ ಲವೊನ್,

ಬೇರೆಯವರ ಬಾಯಿಂದ ತಿಳಿಯುವ ಮೊದಲು ನಾನೇ ಒಪ್ಪಿಕೊಂಡುಬಿಡುತ್ತೇನೆ: ನಾನೊಬ್ಬ ಕೊಲೆಗಾರ. ಘಟನೆ ನಡೆದದ್ದು ಕಳೆದ ಶುಕ್ರವಾರ, ವಯೋಮಿಂಗಿನ ರಾಲಿನ್ಸ್ ಊರಾಚೆಯ ಕ್ಯಾಂಪಿನಲ್ಲಿ. ಮೃತರು ಗುಲಾಬಿ ಮೈಬಣ್ಣದವರು, ತಂತಿ ಕಾಲಿನವರು, ಪ್ಲಾಸ್ಟಿಕ್ ಜಾತಿಯವರು, ಒಂದು ರಾಜಹಂಸ. ಹದಿಮೂರು ಟನ್ ಮೇಲೆ ಹರಿದಾಗ ಅವರು ಕಮಕ್ ಕಿಮಕ್ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಇಳಿದು, ಅತ್ತಿತ್ತ ನೋಡಿ, ಶವವನ್ನು ಗಾಡಿಯ ಕೆಳಗಿನ ಪೆಟ್ಟಿಗೆಯಲ್ಲಿ ಬಚ್ಚಿಟ್ಟೆ. ಸಾಕ್ಷ್ಯನಾಶದ ಕಲಮನ್ನೂ ಸೇರಿಸಿಕೋ.

ವಿವರಕ್ಕೆ ಆಮೇಲೆ ಬರುತ್ತೇನೆ, ಕೊಲೆಗಾರನಿಗೂ ಸಂಸಾರವಿರುತ್ತದೆ. ನಿನ್ನ ಮಂಡಿನೋವು ಹೇಗಿದೆ? ಕರಿನ್ ಮನೆಯ ಮೆಟ್ಟಿಲು ಹತ್ತಿ ಇಳಿದು ಸಾಕಾಯಿತು ಎಂದು ನೀನು ಫೋನಿನಲ್ಲಿ ಅಂದ ದಿನದಿಂದ ನನಗೆ ಅದೇ ಚಿಂತೆ. (ಚಕ್ರದ ಮೇಲಿನ ನಮ್ಮ ಹೊಸ ಮನೆಗೆ ಮೂರೇ ಮೆಟ್ಟಿಲು, ಅವೂ ಗುಂಡಿ ಒತ್ತಿದರೆ ತಾವಾಗಿ ಹೊರಗೆ ಬರುತ್ತವೆ. ಸುಮ್ಮನೆ ಹೇಳಿದೆ.) ಬಾಣಂತಿ ಮಗಳು ಹೊತ್ತುಹೊತ್ತಿಗೆ ಉಣ್ಣುತ್ತಿದ್ದಾಳೆಯೇ? ಮೊಮ್ಮಗಳು ಇನ್ನೂ ಹಗಲನ್ನು ಇರುಳು ಮಾಡುತ್ತಿದ್ದಾಳೆಯೇ? ಅಳಿಯ ರಸ್ ಈಗಲೂ ಎಲ್ಲರಿಗೂ ಸಹಾಯ ಮಾಡಲು ಹೋಗಿ ಎಲ್ಲರ ಕಾಲಿಗೂ ತೊಡರಿಕೊಳ್ಳುತ್ತಿದ್ದಾನೆಯೇ? ಒಳ್ಳೆಯ ಹುಡುಗ, ಅವನಿಗೊಂದು ಬಾಗಿಲು ಬಿಚ್ಚಿ ಜೋಡಿಸುವ ಕೆಲಸ ಕೊಟ್ಟು ನೀನು ವಿಶ್ರಾಂತಿ ತಗೋ.

ನಾಳೆ ನಾನೇ ಬರುವವನು ಇವತ್ತು ಕಾಗದ ಬರೆಯುತ್ತಿರುವುದೇಕೆ ಎಂದು ಕೇಳುತ್ತೀ. ಫೋನಿನಲ್ಲಿ ಈ ಗಾಡಿಯ ವಿಷಯ ಬಂದರೆ ಮೂರನೇ ಮಾತಿಗೆ ನಮ್ಮಿಬ್ಬರಿಗೂ ಬ್ರೇಕ್ ಹಿಡಿಯುವುದಿಲ್ಲ. ಹಾಗಾಗಿ ನನ್ನ ಯೋಜನೆ ಹೀಗಿದೆ: ನಾಳೆ ಬೆಳಿಗ್ಗೆ ಕರಿನ್ ಮನೆಯ ಮುಂದೆ ಗಾಡಿಯನ್ನು ಬೆಣ್ಣೆಯಲ್ಲಿ ಚಾಕು ಇಳಿಸಿದ ಹಾಗೆ ತಂದು ನಿಲ್ಲಿಸಿ, ಗುಂಡಿ ಒತ್ತಿ, ಮೆಟ್ಟಿಲಿಳಿದು, ಈ ವಿಜಯಪತ್ರವನ್ನು ನಿನ್ನ ಕೈಗಿಡಬೇಕು. ನೀನು ಓದುತ್ತಿರಬೇಕು, ನಾನು ಏನೂ ಆಗದವನ ಹಾಗೆ ಕಾಫಿ ಕೇಳಬೇಕು.

ಷರತ್ತು ಮರೆತಿಲ್ಲ ತಾನೆ? ಮರೆಯುವವಳಲ್ಲ ನೀನು, ಆದರೂ ದಾಖಲಾಗಲಿ. ನಮ್ಮ ಶಾಲೆಯ ಹಿಂದಿನ ಖಾಲಿ ಬಯಲು. ಇಡೀ ಬ್ರೋಕನ್ ಬೋ ಊರಿಗೆ ನಾನು ಕಾರು ಕಲಿಸಿದ ಬಯಲು ಅದು. ವರ್ಷವೆಲ್ಲ ಇತಿಹಾಸ, ಬೇಸಿಗೆಯಲ್ಲಿ ಡ್ರೈವಿಂಗ್. ಒಂದರಲ್ಲಿ ಮಕ್ಕಳನ್ನು ಹಿಂದಕ್ಕೆ ಒಯ್ಯುತ್ತಿದ್ದೆ, ಇನ್ನೊಂದರಲ್ಲಿ ಮುಂದಕ್ಕೆ. ಅಂಥ ಬಯಲಿನಲ್ಲಿ ನೀನು ಕಿತ್ತಳೆ ಬಣ್ಣದ ಕೈಗವಸು ತೊಟ್ಟು ಗಾಡಿಯ ಹಿಂದೆ ನಿಂತು ಕೈ ಬೀಸುತ್ತಿದ್ದೆ, ನಾನು ಹಿಂದಕ್ಕೆ ತರುತ್ತಿದ್ದೆ. ನಿನ್ನ ಬೀಸು ನಿನ್ನ ತವರಿನ ಹಟ್ಟಿಯದು. ಕರು ಕರೆಯುವುದಕ್ಕೂ ಕೋಳಿ ಓಡಿಸುವುದಕ್ಕೂ ಒಂದೇ ಕೈ. ನಾನು ಕಿಟಕಿಯಿಂದ ತಲೆ ಹಾಕಿ, ಮಣಿಕಟ್ಟಿನಿಂದ ಬೀಸಬಾರದು, ಮೊಣಕೈಯಿಂದ ಬೀಸಬೇಕು ಎಂದೆ. ಒಂದು ಸಲ ಎಂದಿದ್ದರೆ ನೀನು ಬಿಡುತ್ತಿದ್ದೆ. ಎಷ್ಟು ಸಲ ಎಂದೆನೋ ನನಗೆ ಲೆಕ್ಕ ತಪ್ಪಿದೆ, ನಿನಗೆ ತಪ್ಪಿರುವುದಿಲ್ಲ. ನೀನು ಕೈಗವಸು ಕಳಚಿ ಎಸೆದೆ. ನೀನು ನನಗೆ ಬಹುವಚನ ಹಾಕಿದೆಯೆಂದರೆ ಆಕಾಶ ಕಪ್ಪಿಟ್ಟಿತೆಂದೇ ಅರ್ಥ. "ಮೇಷ್ಟ್ರೇ, ನಿಮ್ ಕ್ಲಾಸ್ ನನಗ್ ಬೇಡ. ಎಲ್ಲಾ ಗೊತ್ತಲ್ಲ ನಿಮಗೆ, ಒಬ್ರೇ ತಗೊಂಡ್ ಬನ್ನಿ. ಯಾರ ಕೈಯೂ ಹಿಡೀದೆ ಕರಿನ್ ಮನೆ ಮುಂದೆ ತಂದ್ ನಿಲ್ಸಿದ್ರೆ ಒಂದು ವರ್ಷ ನಿಮ್ ಪಕ್ಕ ಬಾಯ್ಮುಚ್ಕೊಂಡ್ ಕೂತ್ಕೋತೀನಿ. ಆಗ್ಲಿಲ್ವೋ, ಅದನ್ನ ಮಾರಿ ಅಲ್ಲೇ ಎರಡು ಕೋಣೆ ಮನೆ ಹಿಡಿಯೋಣ." ಇಷ್ಟು ಹೇಳಿ ನಡೆದೇ ಮನೆಗೆ ಹೋದೆ, ವಾರದೊಳಗೆ ವಿಮಾನ ಹತ್ತಿ ಮಗಳ ಬಾಣಂತನಕ್ಕೆ ಹೊರಟೇ ಹೋದೆ.

ಹಿಂದೆ ಮುಂದೆ ನೋಡದೆ ಇಷ್ಟು ದೊಡ್ಡ ಗಾಡಿ ಕೊಂಡೆ ಎಂಬುದು ನಿನ್ನ ಮೂಲ ಆರೋಪ. ತಪ್ಪು. ಮುಂದೆ ನೋಡಿಯೇ ಕೊಂಡೆ. ಮುಂದಿನ ಗಾಜೇ ನಮ್ಮ ಹಳೇ ಅಡುಗೆಮನೆಯ ಗೋಡೆಯಷ್ಟಿದೆ. ಹಿಂದೆ ನೋಡಿರಲಿಲ್ಲ, ಒಪ್ಪಿದೆ. ಗೃಹಸ್ಥಾಶ್ರಮ ಮುಗಿಸಿದವರು ವಾನಪ್ರಸ್ಥಕ್ಕೆ ಹೋಗುತ್ತಿದ್ದರೆಂದು ಪ್ರಾಚೀನ ಇತಿಹಾಸದ ಪಾಠದಲ್ಲಿ ಮಕ್ಕಳಿಗೆ ಹೇಳುತ್ತಿದ್ದೆನಲ್ಲ, ನಮ್ಮದು ವ್ಯಾನಪ್ರಸ್ಥ ಅಂದುಕೋ. ಗೃಹವನ್ನೂ ಜೊತೆಗೇ ಒಯ್ಯಬಹುದೆಂಬುದು ಆ ಪುಣ್ಯಾತ್ಮರಿಗೆ ಹೊಳೆದಿರಲಿಲ್ಲ.

ಹೊರಟ ದಿನದ ಮೊದಲ ತಿರುವಿನಲ್ಲೇ ಮನೆ ತಾನು ಮನೆಯೆಂಬುದನ್ನು ನೆನಪಿಸಿತು. ಅಡುಗೆ ಕಪಾಟಿನ ಚಿಲಕ ಹಾಕಿರಲಿಲ್ಲ. ಬಲಕ್ಕೆ ತಿರುಗಿಸಿದೆ, ಬೀನ್ಸ್ ಕಾಳಿನ ಡಬ್ಬಿಗಳು ಎಡಕ್ಕೆ ಬಂದವು. ಎಡಕ್ಕೆ ತಿರುಗಿಸಿದೆ, ಬಂದ ಅತಿಥಿಗಳೆಲ್ಲ ಬಲಕ್ಕೆ ಹೋದರು. ನಿನ್ನ ಅಜ್ಜಿಯ ಕಬ್ಬಿಣದ ಬಾಣಲೆ ಮಾತ್ರ ಕದಲಲಿಲ್ಲ. ನಿಮ್ಮ ವಂಶದ ಹಟ ಅದರಲ್ಲಿದೆ. ನಾರ್ತ್ ಪ್ಲಾಟ್ ದಾಟುವ ಹೊತ್ತಿಗೆ ಎದುರಿನಿಂದ ನಮ್ಮಂಥದೇ ಗಾಡಿಯವರು ಕೈಯೆತ್ತಿ ನಮಸ್ಕರಿಸತೊಡಗಿದರು. ಯಾರೋ ಹಳೇ ವಿದ್ಯಾರ್ಥಿಯಿರಬೇಕೆಂದು ಮೊದಲು ಉಬ್ಬಿದೆ. ಆಮೇಲೆ ಗೊತ್ತಾಯಿತು, ಮನೆ ಹೊತ್ತವರು ಮನೆ ಹೊತ್ತವರಿಗೆ ಕೈಯೆತ್ತುವುದು ಇಲ್ಲಿನ ಪದ್ಧತಿ. ಬಸವನಹುಳುಗಳೂ ಹೀಗೇ ಮಾಡುತ್ತವೋ ಏನೋ. ನಾನೂ ಎತ್ತಿದೆ. ಒಂದು ಸಲ ಅವಸರದಲ್ಲಿ ಕೈದಿಗಳನ್ನು ಒಯ್ಯುವ ಬಸ್ಸಿಗೂ ಎತ್ತಿಬಿಟ್ಟೆ. ಒಳಗಿನಿಂದ ಒಬ್ಬರು ತುಂಬು ಪ್ರೀತಿಯಿಂದ ತಿರುಗಿ ಎತ್ತಿದರು.

ಲಾರಮಿ ದಾಟಿದ ಮೇಲೆ ಗಾಳಿ. ನಮ್ಮೂರಲ್ಲೂ ಗಾಳಿಯುಂಟು, ಆದರೆ ಅದು ಟೋಪಿ ಕೀಳುವ ಗಾಳಿ. ಇದು ರಸ್ತೆಯ ಪಕ್ಕದ ಸಾಲನ್ನು ತೋರಿಸಿ "ಅಲ್ಲೋಗು" ಅನ್ನುವ ಗಾಳಿ. ನಿಧಾನಕ್ಕೆ, ಎರಡೂ ಕೈಯಲ್ಲಿ ಸ್ಟೀರಿಂಗ್ ಚಕ್ರ ಹಿಡಿದು, ಹಿಂದಿನವರ ಹಾರನ್ನನ್ನು ಸಂಗೀತವೆಂದುಕೊಂಡು ರಾಲಿನ್ಸ್ ತಲುಪಿದೆ. ಕೊಲೆ ನಡೆದದ್ದು ಅಲ್ಲಿ, ಅದೇ ದಣಿವಿನಲ್ಲಿ. ಅಲಂಕಾರಕ್ಕೆಂದು ತನ್ನ ಗಾಡಿಯ ಮುಂದೆ ಆ ಹಂಸ ನೆಟ್ಟಿದ್ದವಳು ಓಪಲ್ ಎಂಬ ಮುದುಕಿ. ಎಂಬತ್ತಕ್ಕೆ ಎರಡು ಕಮ್ಮಿ, ಗಂಡ ತೀರಿಕೊಂಡ ಮೇಲೂ ಒಬ್ಬಳೇ ನಲವತ್ತು ಅಡಿಯ ಗಾಡಿ ಓಡಿಸುತ್ತಾಳೆ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಶವವನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಬಾಗಿಲಿಗೆ ಹೋಗಿ ಶರಣಾದೆ. ಅವಳು ಕನ್ನಡಕ ಏರಿಸಿ ಹೆಣವನ್ನೂ ನನ್ನನ್ನೂ ನೋಡಿ, "ಹೊಸ್ದಾಗಿ ತಗೊಂಡಿದೀಯಾ ಅನ್ಸುತ್ತೆ. ಚಿಂತೆ ಬಿಡಪ್ಪಾ, ಇಂಥವರಿಗೇಂತ್ಲೇ ಡಜನ್ ತಂದಿಟ್ಕೊಂಡಿದೀನಿ" ಎಂದಳು. ಪ್ರಾಯಶ್ಚಿತ್ತಕ್ಕೆ ಮಧ್ಯಾಹ್ನ ನಮ್ಮೂರ ಶಾಲೆಯ ಊಟ ಮಾಡಿ ಒಯ್ದೆ: ಬೀನ್ಸ್ ಕಾಳು-ಮಾಂಸದ ಖಾರದ ಸಾರು, ಜೊತೆಗೆ ದಾಲ್ಚಿನ್ನಿ ಬನ್ನು. ಖಾರದ ಜೊತೆ ಸಿಹಿ ಬನ್ನು ಅದ್ದಿ ತಿನ್ನುವ ಜನ ಇದ್ದಾರೆಂದು ಅವಳು ನಂಬಲಿಲ್ಲ, ತಿಂದು ನಂಬಿದಳು. ಹೊರಡುವಾಗ ಮಾತ್ರ, ಗಾಡಿಯ ಪಕ್ಕದ ಖಾಲಿ ಸೀಟನ್ನು ನೋಡಿ, ಮನೆಯಾಕೆ ಎಲ್ಲಿ ಎಂದು ಕೇಳಿದಳು. ಮುಂದೆ ಹೋಗಿದ್ದಾಳೆ ಎಂದೆ. ಅವಳು ಅದನ್ನು ಬೇರೆ ಅರ್ಥದಲ್ಲಿ ತಗೊಂಡು ನನ್ನ ಕೈ ಹಿಡಿದು ಕಣ್ಣಲ್ಲಿ ನೀರು ತಂದುಕೊಂಡಳು. ತಿದ್ದುವುದಕ್ಕೆ ಬಹಳ ಹೊತ್ತು ಹಿಡಿಯಿತು. ತಿದ್ದಿದ ಮೇಲೂ ಆ ಸೀಟು ನನಗೆ ಮೊದಲಿನ ಹಾಗೆ ಕಾಣಲಿಲ್ಲ ಕಣೇ. ಇರಲಿ.

ಕಕ್ಕಸಿನದೆಲ್ಲ ಸೇರುವ ಬಚ್ಚಲ ತೊಟ್ಟಿ ಖಾಲಿ ಮಾಡುವ ಮಂಗಳಕಾರ್ಯದ ಬಗ್ಗೆ ವಿವರವಾಗಿ ಬರೆಯುವುದಿಲ್ಲ. ನೀನು ಬಾಣಂತಿಯ ಮನೆಯಲ್ಲಿದ್ದೀ, ಅಂಥದ್ದು ಅಲ್ಲೂ ಸಾಕಷ್ಟಿರುತ್ತದೆ. ಮನೆಯೆಂದ ಮೇಲೆ ಬಚ್ಚಲು, ಬಚ್ಚಲೆಂದ ಮೇಲೆ ತೊಟ್ಟಿ, ತೊಟ್ಟಿ ತುಂಬಿದ ಮೇಲೆ ಯಜಮಾನ. ಕೊಳವೆ ಸರಿಯಾಗಿ ಸಿಕ್ಕಿಸದಿದ್ದರೆ ಏನಾಗುತ್ತದೆಂದು ಒಂದೇ ಸಲಕ್ಕೆ ಕಲಿತೆ. ಆ ಜೊತೆ ಬೂಟು ಈಗ ಐಡಾಹೋದ ಕಸದ ಡಬ್ಬಿಯಲ್ಲಿದೆ.

ಈಗ ಬೆಟ್ಟ. ನಿನ್ನೆ ಬೆಳಿಗ್ಗೆ ಪೆಂಡಲ್ಟನ್ ಊರಿನ ಮೇಲಿನ ಎಲೆಕೋಸಿನ ಗುಡ್ಡ ಇಳಿದೆ. ಹೆಸರು ಕೇಳಿ ನಗಬೇಡ, ಲಾರಿಯವರು ಅದರ ಹೆಸರೆತ್ತಿದರೆ ಟೋಪಿ ತೆಗೆಯುತ್ತಾರೆ. ಇಳಿಜಾರು, ಅದರ ಮೇಲೆ ತಿರುವು, ತಿರುವಿನ ಮೇಲೆ ಇನ್ನೊಂದು ತಿರುವು; ಬ್ರೇಕ್ ಕೈಕೊಟ್ಟವರು ನುಗ್ಗಲೆಂದು ಪಕ್ಕದಲ್ಲಿ ಜಲ್ಲಿ ತುಂಬಿದ ದಾರಿ. ಮೇಲೆಯೇ ಗಾಡಿ ನಿಲ್ಲಿಸಿ, ಒಂದು ಲೋಟ ನೀರು ಕುಡಿದು, ಮಕ್ಕಳಿಗೆ ಹೇಳುತ್ತಿದ್ದುದನ್ನೆಲ್ಲ ನನಗೇ ಗಟ್ಟಿಯಾಗಿ ಹೇಳಿಕೊಂಡೆ: ಇಳಿಯುವ ಮೊದಲೇ ಗೇರ್ ಇಳಿಸು, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇರಬೇಡ, ಅವಸರದವನು ಮುಂದೆ ಹೋಗಲಿ. ಎಂಜಿನ್ ಗುರುಗುಟ್ಟುತ್ತ ಮನೆಯನ್ನು ಹಿಡಿದು ಹಿಡಿದು ಕೆಳಗಿಳಿಸಿತು. ಕೆಳಗೆ ಗೋಧಿ ಕುಯ್ದ ಹೊಲಗಳು ಹಾಸಿದ ಕಂಬಳಿಯ ಹಾಗೆ ಬಿದ್ದಿದ್ದವು. ಅದನ್ನು ತೋರಿಸಲು ಬಲಗೈ ಎತ್ತಿದೆ. ಪಕ್ಕದ ಸೀಟಿನಲ್ಲಿ ಇದ್ದದ್ದು ದಾಲ್ಚಿನ್ನಿ ಬನ್ನಿನ ಡಬ್ಬಿ. ಅದಕ್ಕೇ ತೋರಿಸಿದೆ.

ಇನ್ನು ಗಾಡಿ ನಿಲ್ಲಿಸುವ ಕಲೆ. ಇಂಥ ಗಾಡಿಗಳು ರಾತ್ರಿ ತಂಗುವ ಕ್ಯಾಂಪುಗಳಲ್ಲಿ ಸಂಜೆಯ ನಾಟಕವೆಂದರೆ ಇದೇ. ಎಲ್ಲರೂ ಮಡಚುವ ಕುರ್ಚಿ ಹಾಕಿ, ಕೈಯಲ್ಲಿ ತಣ್ಣನೆಯದೇನೋ ಹಿಡಿದು, ಹೊಸಬರು ಬರುವುದನ್ನೇ ಕಾಯುತ್ತಾರೆ. ಗಂಡ ಒಳಗೆ ಚಕ್ರ ತಿರುಗಿಸುತ್ತಾನೆ, ಹೆಂಡತಿ ಹೊರಗೆ ಕೈ ತಿರುಗಿಸುತ್ತಾಳೆ, ಐದು ನಿಮಿಷಕ್ಕೆ ಇಬ್ಬರಿಗೂ ತಲೆ ತಿರುಗುತ್ತದೆ. ಬಾಯ್ಸಿ ಹತ್ತಿರ ಒಬ್ಬಾಕೆ "ಎಡಕ್ಕೆ ಅಂದ್ರೆ ನನ್ನ ಎಡಕ್ಕೆ ಕಣೋ, ಮದ್ವೆ ಆದಾಗಿಂದ ಅದೇ ಎಡ" ಎಂದದ್ದಕ್ಕೆ ಕುರ್ಚಿಯವರೆಲ್ಲ ಚಪ್ಪಾಳೆ ಹೊಡೆದರು. ನನ್ನ ಸರದಿ ಬಂದಾಗ ಈ ಪ್ರೇಕ್ಷಕರಿಗೆ ಪ್ರತಿ ಸಲವೂ ನಿರಾಸೆ. ಕೂಗಾಟವಿಲ್ಲ, ಕೈಬೀಸಿಲ್ಲ, ಒಬ್ಬನೇ ಬಂದೆ, ಒಂದೇ ಸಲಕ್ಕೆ ಗೆರೆ ಹಾಕಿದ ಹಾಗೆ ನಿಲ್ಲಿಸಿದೆ, ಎಂಜಿನ್ ಆರಿಸಿದೆ. ಒಬ್ಬ ಹಿರಿಯರು ಎದ್ದು ಬಂದು, ಎಷ್ಟು ವರ್ಷದ ಅನುಭವ ಎಂದು ಕೇಳಿದರು. ಮೂವತ್ತೊಂದು ವರ್ಷ ಬೇರೆಯವರಿಗೆ ಕಲಿಸಿದ್ದೇನೆ ಎಂದೆ. ಸುಳ್ಳಲ್ಲವಲ್ಲ. ನೆಬ್ರಾಸ್ಕಾದಿಂದ ಈ ದಂಡೆಯವರೆಗೆ ಒಂದು ಗೀಚಿಲ್ಲ, ಒಂದು ತಗ್ಗಿಲ್ಲ, ಯಾರ ಕೈಯನ್ನೂ ಹಿಡಿದಿಲ್ಲ. ಚಾಲಕನೆಂದರೆ ಹೇಗಿರಬೇಕೆಂದು ಯಾರಾದರೂ ಕೇಳಿದರೆ ಸಂಕೋಚವಿಲ್ಲದೆ ನನ್ನನ್ನು ತೋರಿಸು. ನಿನ್ನ ಒಂದು ವರ್ಷವನ್ನು ನಾನು ಗೆದ್ದಿದ್ದೇನೆ, ಲವೊನ್. ಬಾಗಿಲ ಬಳಿಯ ಗೂಟದಲ್ಲಿ ನಿನ್ನ ಕೋಟಿಗೆ ಜಾಗ ಬಿಟ್ಟಿದ್ದೇನೆ.

ಕರಿನ್‌ಗೆ ಅಪ್ಪನ ಆಶೀರ್ವಾದ, ರಸ್‌ಗೆ ನೆನಪು, ಹೊಸ ಹುಡುಗಿಯ ಎರಡೂ ಅಂಗಾಲಿಗೆ ಒಂದೊಂದು ಮುತ್ತು. ನಿನ್ನ ಮಂಡಿಗೆ ಬಿಸಿನೀರು ಕಾಯಿಸುವ ಕೆಲಸ ನಾಳೆಯಿಂದ ನನ್ನದು.

ಸದಾ ನಿನ್ನವನೇ ಆದ,
ವೆಂಡೆಲ್

ತಾ.ಕ.: ಗುರುವಾರ ಬೆಳಿಗ್ಗೆ, ಅವಸರದಲ್ಲಿ. ಈ ಕಾಗದ ನಾನು ತರುತ್ತಿಲ್ಲ. ತಂದುಕೊಟ್ಟಾಕೆ ನಿಮ್ಮ ಹಿಂದಿನ ಬೀದಿಯವಳು, ನಾಯಿಯನ್ನು ತಿರುಗಾಡಿಸಲು ಬಂದವಳು. ಒಂದು ಲೋಟ ಕಾಫಿ ಕೊಡು. ನಾನು ಒಂದು ತಿರುವು ಮೊದಲೇ ತಿರುಗಿಬಿಟ್ಟೆ. ಈ ಬೀದಿ ಮುಂದೆ ಹೋಗುವುದಿಲ್ಲ; ಎದುರಿಗೆ ಪೇರ್‌ಹಣ್ಣಿನ ತೋಟದ ಗೇಟು, ಎರಡೂ ಪಕ್ಕ ಗುಲಾಬಿ ಬೇಲಿ, ಹಿಂದೆ ಏರು ಮತ್ತು ಸೊಟ್ಟ ತಿರುವು. ಗೇಟಿನೊಳಗೆ ಹಣ್ಣಿನ ಲಾರಿಯೊಂದು ಹೊರಬರಲು ಕಾದಿದೆ. ಚಾಲಕ ಒಳ್ಳೆಯವನು, ಎಂಜಿನ್ ಆರಿಸಿ ತಿಂಡಿ ಬಿಚ್ಚಿದ್ದಾನೆ. ಗಾಡಿಯ ಬೆನ್ನಿಗೆ ಕ್ಯಾಮೆರಾ ಇದೆಯಲ್ಲ ಎನ್ನಬೇಡ. ಅದರಲ್ಲಿ ಬೇಲಿ ಕಾಣುತ್ತದೆ. ಹತ್ತು ಅಡಿ ದೂರವೋ ಹತ್ತು ಅಂಗುಲವೋ ಅದು ಹೇಳುವುದಿಲ್ಲ. ಹಿಂದೆ ನಿಂತು ದಾರಿ ತೋರಿಸುತ್ತೇವೆಂದು ಬೀದಿಯ ಮೂವರು ಬಂದರು, ಬೇಡವೆಂದೆ. ಫೋನ್ ಮಾಡಿದರೆ ರಸ್ ಓಡಿ ಬರುತ್ತಾನೆ. ನನಗೆ ರಸ್ ಬೇಡ. ಕನ್ನಡಿಯಲ್ಲಿ ನೀನು ಕಂಡರೆ ಮಾತ್ರ ಈ ಗಾಡಿ ಕದಲುತ್ತದೆ. ಕೈ ಹೇಗೆ ಬೇಕಾದರೂ ಬೀಸು, ನಾನು ತುಟಿ ಬಿಚ್ಚುವುದಿಲ್ಲ. ಷರತ್ತಿನ ಪ್ರಕಾರ ಸೋತೆ, ಗೊತ್ತು. ಮಾರುವುದೋ, ಎರಡು ಕೋಣೆಯೋ, ನೀನು ಹೇಳಿದ ಹಾಗೆ. ಅದನ್ನು ಆಮೇಲೆ ಕೂತು ಮಾತಾಡೋಣ, ಮೊದಲು ಬಾ. ಇನ್ನೊಂದು ಮಾತಿದೆ, ಮೇಷ್ಟ್ರು ನಾಚಿಕೆಯಿಂದ ಹೇಳುತ್ತಿದ್ದಾನೆ, ಕರಿನ್‌ಗೆ ಹೇಳಬೇಡ. ಆ ಕ್ಯಾಂಪುಗಳಲ್ಲಿ ನಾನು ಗೆರೆ ಹಾಕಿದ ಹಾಗೆ ನಿಲ್ಲಿಸಿದ್ದು ನಿಜ, ಆದರೆ ಅವೆಲ್ಲ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಟುಹೋಗುವ ಜಾಗಗಳು. ಹುಡುಕಿ ಹುಡುಕಿ ಅಂಥವನ್ನೇ ಹಿಡಿದೆ, ಸಿಗದ ಊರಿನಲ್ಲಿ ಅಂಗಡಿಯ ಬಯಲಿನಲ್ಲಿ ಮಲಗಿದೆ. ಸಾವಿರದ ಮುನ್ನೂರು ಮೈಲಿ ಬಂದಿದ್ದೇನೆ, ಲವೊನ್, ಒಂದೇ ಒಂದು ಅಡಿ ಹಿಂದಕ್ಕೆ ಹೋಗಿಲ್ಲ.