ಇಲ್ಲದ ಮೂರು ಬಾದಶಾ

ಸೆಪ್ಟೆಂಬರ್ 7, ರವಿವಾರ

ಎಕಂಬಾದಿಂದ ಪಿಕಪ್ಪಿನಲ್ಲಿ ಉದ್ದಿನ ಚೀಲ ತಂದು ಗಂಜ್ ಬಜಾರಿನಲ್ಲಿ ಇಳಿಸಿದೆ. ಊಟ ಬಿಟ್ಟು ನೇರ ನೌಬಾದ — ಕಲೀಮನ ಗ್ಯಾರೇಜಿನ ಹಿಂದಿನ ಖೋಲಿ, ರವಿವಾರದ ತೀನ್ ಪತ್ತಿ, ಮೂರೆಲೆಯ ಇಸ್ಪೀಟು. ಮತ್ತೆ ಸೋತೆ. ಗೆದ್ದವರು ಮತ್ತೆ ಭಾಲ್ಕಿಯ ಶಿವರಾಜಪ್ಪ ಕಾಕಾ. ರಿಟೈರ್ಡ್ ಮಾಸ್ತರ್. ಹತ್ತು ಸಲ ಎಲೆ ನೋಡಿದರೆ ಒಂಬತ್ತು ಸಲ ಪ್ಯಾಕ್, ಎಲೆ ಕೆಳಗಿಟ್ಟು ಬಿಡುತ್ತಾರೆ. ಹತ್ತನೆಯ ಸಲ ರೊಕ್ಕ ಹಾಕಿದರೆಂದರೆ ಕೈಯಲ್ಲಿ ಒಳ್ಳೆಯ ಎಲೆ ಇದ್ದೇ ಇರುತ್ತದೆ. ಇಂಥವರನ್ನು ಹೆದರಿಸಿಯೇ ಏಳಿಸಬೇಕು. ಆದರೆ ಹೆದರುವವನು ಯಾವಾಗಲೂ ನಾನೇ.

ಸೆಪ್ಟೆಂಬರ್ 14, ರವಿವಾರ, ಸಂಜೆ 6

ಗಾಡಿಯಲ್ಲೇ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ ಸೊಟ್ಟ...

ಕೊನೆಯ ಆಟ. ಎಲ್ಲರೂ ಪ್ಯಾಕ್. ಉಳಿದದ್ದು ನಾನು, ಕಾಕಾ. ನನ್ನ ಎಲೆ — ಒಂಬತ್ತು, ನಾಲ್ಕು, ಎರಡು. ಕಸ. ಬಿಟ್ಟು ಏಳಬೇಕಿತ್ತು. ಏನು ಹುಚ್ಚು ಹಿಡಿದಿತ್ತೋ, ಹಾಕುತ್ತಲೇ ಹೋದೆ. ಕಾಕಾನೂ ಹಾಕುತ್ತಲೇ ಬಂದರು. ಲಿಮಿಟ್ ಇಲ್ಲದ ಆಟ. ರೊಕ್ಕ ಮುಗಿಯಿತು. ಪಿಕಪ್ಪಿನ ಕೀಲಿ ತೆಗೆದು ಚಾಪೆಯ ಮೇಲಿಟ್ಟೆ. ಆ ಗಾಡಿಯಿಂದಲೇ ನಮ್ಮ ಮನೆ ನಡೆಯುವುದು.

ಕಾಕಾ ಚಷ್ಮಾದ ಮೇಲಿಂದ ನೋಡಿದರು.

"ಏನ್ ಬಂದದಪಾ ಅಮಿತ?"

"ಮೂರು ಬಾದಶಾರಿ ಕಾಕಾ. ಬಿಟ್ಟು ಏಳ್ರಿ." ಮೂರು ಎಕ್ಕಾ ಬಿಟ್ಟರೆ ಅದಕ್ಕಿಂತ ದೊಡ್ಡದಿಲ್ಲ.

"ಸುಳ್ಳ."

"ನನ್ನ ಮಗಳ ಆಣಿರಿ."

ಬಾಯಿಗೆ ಹೇಗೆ ಬಂತೋ. ಕಲೀಮ "ತೋಬಾ" ಅಂದು ಕಿವಿ ಹಿಡಿದುಕೊಂಡ. ಕಾಕಾ ತಮ್ಮ ಎಲೆ ಬೋರಲು ಹಾಕಿದರು. "ಕೂಸಿನ ಮ್ಯಾಲ ಸುಳ್ಳ ಯಾರ ಹೇಳ್ತಾರ? ತಗೋಪಾ."

ಎದುರಿನವರು ಬಿಟ್ಟುಕೊಟ್ಟರೆ ನನ್ನ ಎಲೆ ತೋರಿಸಬೇಕಿಲ್ಲ. ಉಳಿದ ಎಲೆಗಳೊಳಗೆ ಕಲಸಿಬಿಟ್ಟೆ. ಗೆದ್ದೆ. ಗೆದ್ದವನಿಗೆ ಇಷ್ಟು ಹೆದರಿಕೆ ಯಾಕೆ?

ಸೆಪ್ಟೆಂಬರ್ 15

ಮಗಳು ಗುಡಿಯಾ ಶಾಲೆಗೆ ಹೋದಳು. ಚೆನ್ನಾಗಿದ್ದಾಳೆ. ಎರಡು ಸಲ ಹಣೆ ಮುಟ್ಟಿ ನೋಡಿದೆ. ನಕ್ಕಳು. ಆರು ವರ್ಷದ ಕೂಸು, ಅದಕ್ಕೇನು ಗೊತ್ತು. ಆಣೆ-ಗೀಣೆ ನಂಬುವವನಲ್ಲ ನಾನು. ಡಿಗ್ರಿ ಓದಿದವನು.

ಸೆಪ್ಟೆಂಬರ್ 20, ಶನಿವಾರ

ಗುಡಿಯಾಳಿಗೆ ಜ್ವರ. 102. ಹವಾ ಸರಿಯಿಲ್ಲ ಅಂದಳು ಹೆಂಡತಿ ಸುವರ್ಣಾ. ಹೌದು, ಹವಾನೇ. ಮೈಲೂರಿನ ನಮ್ಮ ಓಣಿಯಲ್ಲಿ ಎಲ್ಲ ಮಕ್ಕಳಿಗೂ ಜ್ವರ. ಅವರ ಅಪ್ಪಂದಿರು ಯಾರೂ ಆಣೆ ಮಾಡಿಲ್ಲ.

ಸೆಪ್ಟೆಂಬರ್ 22, ದವಾಖಾನೆ

ಡೆಂಗ್ಯೂ. ಪ್ಲೇಟ್‌ಲೆಟ್ ಇಳಿಯುತ್ತಲೇ ಇದೆ. ಎರಡು ದಿನ ನೋಡೋಣ ಅಂದರು ಡಾಕ್ಟರು. ಸೊಳ್ಳೆಯಿಂದ ಬರುವ ರೋಗ, ಗೊತ್ತು. ಗೊತ್ತಿದ್ದೂ ಬಾತ್‌ರೂಮಿನಲ್ಲಿ ನಿಂತು ಗಲ್ಲ ಗಲ್ಲ ಬಡಿದುಕೊಂಡೆ. ಬಸವಣ್ಣಾ, ನನಗೆ ಕೊಡು. ಕೂಸಿಗೆ ಬೇಡ.

ಸೆಪ್ಟೆಂಬರ್ 23, ಬೆಳಿಗ್ಗೆ 11

ಕಾಕಾ ಬಂದಿದ್ದರು. ಭಾಲ್ಕಿಯಿಂದ ಬಸ್ಸು ಹಿಡಿದು, ಎಳನೀರು ತಗೊಂಡು. ಗುಡಿಯಾಳ ಕಾಲು ಒತ್ತುತ್ತ ಸುವರ್ಣಾಳಿಗೆ ಹೇಳಿಬಿಟ್ಟರು: "ಮೂರು ಬಾದಶಾ ಅವ ಅಂತ ನಿನ್ನ ಗಂಡ ಈ ಕೂಸಿನ ಆಣಿ ಮಾಡಿದ್ನವಾ. ಅದಕ್ಕ ನಾ ಎಲಿ ಬಿಟ್ಟೆ. ಖರೇ ಮನಷ್ಯಾ. ಕೂಸಿಗಿ ಏನೂ ಆಗಂಗಿಲ್ಲ." ಧೈರ್ಯ ಹೇಳಲು ಬಂದವರು, ಪಾಪ.

ಅವರು ಹೋದ ಮೇಲೆ ಸುವರ್ಣಾ ನನ್ನನ್ನೇ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಖರೇನ ಮೂರು ಬಾದಶಾ ಇದ್ವೇನ್ರಿ?"

"ಹೂಂ."

"ಹಂಗಾದ್ರ ಅಕಿ ತಲಿ ಮ್ಯಾಲ ಕೈ ಇಟ್ಟು ಇನ್ನೊಮ್ಮೆ ಹೇಳ್ರಿ. ನನಗ ಸಮಾಧಾನ ಆಗ್ತದ."

ಕೈ ತೊಳೆದು ಬರುತ್ತೇನೆ ಅಂದು ಹೊರಬಂದೆ. ವರಾಂಡದ ಬೆಂಚು. ಇಪ್ಪತ್ತು ನಿಮಿಷ ಆಯಿತು. ನಿಜ ಹೇಳಿದರೆ... ನಾಳೆ ಕೂಸಿಗೆ ಏನಾದರೂ ಆದರೆ, ಅವಳ ಪಾಲಿಗೆ ಜೀವಮಾನವಿಡೀ ನಾನೇ ಕೊಂದವನು. ಸುಳ್ಳು ಹೇಳಿದರೆ ನಂಬುತ್ತಾಳೆ. ಕಾಕಾ ನಂಬಿದ ಹಾಗೆಯೇ ನಂಬುತ್ತಾಳೆ. ಅದು ಎಷ್ಟು ಸುಲಭವಾಗಿ ಬಾಯಿಗೆ ಬರುತ್ತದೆಂದು ನನಗೆ ಗೊತ್ತು. ಅದಕ್ಕೇ ಹೆದರಿಕೆ.

ಬಾಗಿಲು ತೆರೆಯಿತು. ಸುವರ್ಣಾ. "ಇನ್ನಾ ಕೈ ತೊಳದಿಲ್ಲೇನ್ರಿ?" ಅನ್ನುತ್ತಿದ್ದಾಳೆ. ಹೋಗಬೇಕು. ನಾನು ಹೇಳುವುದು —