ಬೀಗದ ಹಿಂದಿನ ಎರಡು ಸಾವಿರ ಪುಸ್ತಕಗಳು

ಮಾನ್ಯ ಶಿಕ್ಷಣಾಧಿಕಾರಿಗಳೇ,

ಆರನೇ ತರಗತಿಯ ಹುಡುಗಿಯೊಬ್ಬಳು ತಮ್ಮ ಒಂದು ವಾಕ್ಯವನ್ನು ಅಳಿಸಿದಳೆಂದು ತಾವು ಇಡೀ ತರಗತಿಯ ವಿಕಿಯನ್ನೇ ಮುಚ್ಚಿಸಿದ್ದೀರಿ. ಆಕೆ ಕೈಯಾರೆ ಕ್ಷಮಾಪಣೆ ಬರೆದುಕೊಡುವವರೆಗೆ ಅದನ್ನು ತೆರೆಯಕೂಡದೆಂದು ಆಜ್ಞೆಯನ್ನೂ ಹೊರಡಿಸಿದ್ದೀರಿ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಂಬ ಮಾತು ಕೇಳಿದ್ದೆ. ಬ್ರಹ್ಮಾಸ್ತ್ರಕ್ಕೆ ಕಡತದ ಸಂಖ್ಯೆಯೂ ಇರುತ್ತದೆಂದು ಈಗ ತಿಳಿಯಿತು. ಆ ಗುಬ್ಬಿ ನನ್ನ ಮೊಮ್ಮಗಳು. ಮನೆಯಲ್ಲಿ ಅವಳನ್ನು ಚೂಟಿ ಎನ್ನುತ್ತೇವೆ.

ವಿಕಿ ಎಂದರೇನೆಂದು ತಮಗೆ ಯಾರೂ ಅರಿಕೆ ಮಾಡಿದಂತಿಲ್ಲ. ಅದು ಕಂಪ್ಯೂಟರಿನಲ್ಲಿ ತರಗತಿಯವರೆಲ್ಲ ಸೇರಿ ಬರೆಯುವ ಪುಸ್ತಕ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಬಹುದು, ಆದರೆ ಯಾಕೆ ತಿದ್ದಿದೆ ಎಂದು ಕಾರಣ ಬರೆಯಲೇಬೇಕು. ಟೀಚರ್ ಮಕ್ಕಳಿಗೆ ಹೇಳಿದ ನಿಯಮ ಇಷ್ಟೇ: "ನೋಡ್ದೆ ಬರೀಬೇಡಿ. ನೋಡ್ದೆ ಯಾರಾದ್ರೂ ಬರೆದಿದ್ರೆ ಬಿಡಬೇಡಿ." ಈ 'ಯಾರಾದರೂ' ಎಂಬುದರಲ್ಲಿ ಅಧಿಕಾರಿಗಳು ಸೇರುವುದಿಲ್ಲವೆಂದು ಅಡಿಟಿಪ್ಪಣಿ ಹಾಕದೆ ಹೋದದ್ದು ಪಾಪ, ಆ ಟೀಚರ್ ಮಾಡಿದ ದೊಡ್ಡ ಅಪರಾಧವೇ ಸರಿ.

ಹೋದ ವರ್ಷದವರೆಗೂ ಚೂಟಿಗೆ ಪಾಠ ಓದು ಎಂದರೆ ಹೊಟ್ಟೆನೋವು ಬರುತ್ತಿತ್ತು. ಬರೆಯುವುದೆಂದರೆ ಕರಿಹಲಗೆಯಲ್ಲಿದ್ದುದನ್ನು ಇಳಿಸಿಕೊಳ್ಳುವುದು, ಅಷ್ಟೇ. ವಿಕಿ ಬಂದ ಮೇಲೆ ಅವಳು ನಮ್ಮ ಬೀದಿಯ ಸೈಕಲ್ ರಿಪೇರಿ ಅಂಗಡಿಯ ಬಗ್ಗೆ ನಾಲ್ಕು ಸಾಲು ಬರೆದಳು. ಒಂದು ಪಂಕ್ಚರ್ ಹಾಕಲು ಎಷ್ಟು ಹೊತ್ತು ಹಿಡಿಯುತ್ತದೆಂದು ಗೆಳತಿಯೊಬ್ಬಳು ಅದರ ಕೆಳಗೆ ಕೇಳಿದಳು. ಇವಳು ನನ್ನ ವಾಚು ಕಟ್ಟಿಕೊಂಡು ಹೋಗಿ ಅಂಗಡಿಯ ಮುಂದೆ ಕುಳಿತೇಬಿಟ್ಟಳು. "ಹದಿನೇಳು ನಿಮಿಷ. ನಡುವೆ ಫೋನ್ ಬಂದರೆ ಇಪ್ಪತ್ತೈದು" ಎಂದು ಸೇರಿಸಿದಳು. ಆಮೇಲೆ ಬೇರೆಯವರ ಪುಟಗಳಲ್ಲಿ ತಪ್ಪು ಹುಡುಕುವ ಹಟಕ್ಕೆ ಬಿದ್ದು ಪುಟಗಟ್ಟಲೆ ಓದತೊಡಗಿದಳು. ನಾನು ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಪ್ರೂಫ್ ರೀಡರ್ ಆಗಿದ್ದವನು. ನನ್ನ ಓದೂ ಹೀಗೆಯೇ ಬೆಳೆದದ್ದು.

ಇನ್ನು ತಾವು ತಪಾಸಣೆಗೆ ದಯಮಾಡಿಸಿದ ದಿನಕ್ಕೆ ಬರೋಣ. 'ನಮ್ಮ ಶಾಲೆ' ಎಂಬ ಪುಟ ತೆರೆಸಿ, ಟೀಚರ್ ಕುರ್ಚಿಯಲ್ಲಿ ಕುಳಿತು, ಒಂದೇ ಬೆರಳಿನಲ್ಲಿ ತಾವು ಟೈಪಿಸಿದಿರಿ: "ಗ್ರಂಥಾಲಯದಲ್ಲಿ ಎರಡು ಸಾವಿರ ಪುಸ್ತಕಗಳಿದ್ದು, ಮಕ್ಕಳು ಪ್ರತಿದಿನ ಅದರ ಸದುಪಯೋಗ ಪಡೆಯುತ್ತಿದ್ದಾರೆ." ಮಕ್ಕಳು ಚಪ್ಪಾಳೆ ತಟ್ಟಿದರು. ಮುಖ್ಯೋಪಾಧ್ಯಾಯರು ಇನ್ನೂ ಸ್ವಲ್ಪ ಹೊತ್ತು ತಟ್ಟಿದರು. ತಾವು ಚಹಾಕ್ಕೆ ಎದ್ದಿರಿ. ಚೂಟಿ ಟೀಚರನ್ನು ಕೇಳಿಕೊಂಡು ವರಾಂಡದ ಕೊನೆಯ ಗ್ರಂಥಾಲಯದ ಕೋಣೆಗೆ ಹೋದಳು. ಬಾಗಿಲಿಗೆ ಬೀಗ. ಕಿಟಕಿಯಲ್ಲಿ ಇಣುಕಿದರೆ ಮುರಿದ ಬೆಂಚುಗಳು, ಸುತ್ತಿಟ್ಟ ನಕಾಶೆಗಳು, ಬಟ್ಟೆ ಹೊದಿಸಿದ ಒಂದು ಬೀರು. ಬಂದು ತಮ್ಮ ವಾಕ್ಯ ಅಳಿಸಿ ಕಾರಣ ಬರೆದಳು: "ಹೋಗಿ ನೋಡಿದೆ. ಬೀಗ ಹಾಕಿದೆ. ಪುಸ್ತಕ ಕಾಣಲಿಲ್ಲ. ಆಧಾರ ಕೊಡಿ ಸಾರ್."

ಚಹಾ ಮುಗಿಸಿ ಬಂದ ತಾವು "ಯಾರು ಇದನ್ನ ಅಳಿಸಿದ್ದು?" ಎಂದು ಗುಡುಗಿದಿರಂತೆ. ಚೂಟಿ ಕೈ ಎತ್ತಿದಳು. ಶಹಬ್ಬಾಸ್ ಎನ್ನುತ್ತೀರೆಂದುಕೊಂಡಿದ್ದಳು, ಪೆದ್ದಿ!

ಸ್ವಾಮೀ, ತಮಗಿಂತ ದೊಡ್ಡವರ ಭಾಷಣಗಳ ಮೇಲೆ ನಾನು ಕೆಂಪು ಪೆನ್ನಾಡಿಸಿದ್ದೇನೆ. ಯಾರ ಕುರ್ಚಿಯೂ ಮುರಿಯಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ತಾವೇಕೆ ಹೆಗಲು ಮುಟ್ಟಿ ನೋಡಿಕೊಂಡಿರಿ? ಪುಸ್ತಕಗಳು ಇದ್ದರೆ ಬೀಗ ತೆಗೆಸಿ ತೋರಿಸಬಹುದಿತ್ತಲ್ಲ? ಅದು ಬಿಟ್ಟು, ಮಕ್ಕಳು ಓದಿ ಬರೆಯುತ್ತಿದ್ದ ಇನ್ನೊಂದು ಬಾಗಿಲಿಗೂ ಬೀಗವೇ? ನೆಗಡಿಯಾಯಿತೆಂದು ಮೂಗು ಕೊಯ್ಯುವವರಿದ್ದಾರೆ, ನಿಜ. ತಾವು ಪಕ್ಕದವರ ಮೂಗು ಕೊಯ್ದಿರಿ.

ಆಜ್ಞೆ ಬಂದ ದಿನದಿಂದ ಚೂಟಿಯ ಜೊತೆ ತರಗತಿಯಲ್ಲಿ ಯಾರೂ ಮಾತಾಡುತ್ತಿಲ್ಲ. ಎಲ್ಲರ ಪುಟಗಳೂ ಅವಳಿಂದಲೇ ಮುಚ್ಚಿಹೋದವಲ್ಲ! ಅವಳ ಅಜ್ಜಿ ಸಂಕಟದಿಂದ ಹೇಳಿದಳು: "ತಪ್ಪಾಯ್ತು ಅಂತ ಬರೆದು ಬಿಸಾಕು ಮಗಾ. ನಿನ್ನ ಗಂಟೇನು ಹೋಗುತ್ತೆ?" ನಾನೂ ತಲೆಯಾಡಿಸಿದೆ. "ಬರ್ದುಬಿಡು ಪುಟ್ಟಾ, ದೊಡ್ಡೋರ ಸಹವಾಸ ನಮಗ್ಯಾಕೆ" ಎಂದೆ. ಅವಳು ನನ್ನನ್ನೇ ನೋಡಿದಳು. "ಯಾವ ತಪ್ಪು ಅಂತ ಬರೀಲಿ ತಾತ? ಬೀಗ ಇರ್ಲಿಲ್ಲ ಅಂತಾನಾ?"

ನನಗೆ ನಾಚಿಕೆಯಾಯಿತು. ತಮ್ಮ ಮೇಲೆ ಸಿಟ್ಟು ಬಂದದ್ದು ಆಮೇಲೆ.

ಆದರೂ ತಮ್ಮ ಆಜ್ಞೆ ಪಾಲನೆಯಾಗಿದೆ. ನಿನ್ನೆ ಸಂಜೆ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಅವಳೇ ಪತ್ರ ಬರೆದಳು. ಯಾರನ್ನೂ ಏನೂ ಕೇಳಲಿಲ್ಲ. ಪೂರ್ತಿ ಒಕ್ಕಣೆ ಹೀಗಿದೆ: "ಸಾರ್, ನಿಮ್ಮ ವಾಕ್ಯ ಅಳಿಸಿದ್ದು ನಾನೇ. ನಿಮಗೆ ಬೇಜಾರಾಗಿದ್ದರೆ ನನಗೂ ಬೇಜಾರು. ಬೀಗ ತೆಗೆಯುವ ದಿನ ಹೇಳಿ. ನಾನು ಬಂದು ಎಣಿಸುತ್ತೇನೆ. ಎರಡು ಸಾವಿರ ಇದ್ದರೆ ನಾನೇ ಮತ್ತೆ ಬರೆಯುತ್ತೇನೆ."

ಓದಲು ಹೊಟ್ಟೆನೋವು ಎನ್ನುತ್ತಿದ್ದ ಹುಡುಗಿ ಬರೆದ ಮೊದಲ ಪತ್ರವಿದು. ಕೆಂಪು ಪೆನ್ನು ಹಿಡಿದು ಎರಡು ಸಲ ಓದಿದೆ. ತಿದ್ದಲು ಏನೂ ಸಿಗಲಿಲ್ಲ. ಮೂಲಪ್ರತಿಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಇದನ್ನು ಸ್ವೀಕರಿಸಿ ನಾಳೆಯೇ ವಿಕಿ ತೆರೆಸಿ. ಬೀಗದ ಕೈಯನ್ನು ತಾವೇ ತನ್ನಿ. ಅವಳು ಎಣಿಸುವವರೆಗೆ ಅಲ್ಲೇ ನಿಂತಿರಿ.

ಇಂತಿ,
ಮೊಮ್ಮಗಳಿಗೆ ಸುಳ್ಳು ಬರೆಯೆಂದು ಒಮ್ಮೆ ಹೇಳಿದ,
ಒಬ್ಬ ನಿವೃತ್ತ ಪ್ರೂಫ್ ರೀಡರ್